ಕತ್ತಿ ಮತ್ತು ಒರೆ: ಹೈಬ್ರಿಡ್ ಬೀಜದೊಳಗೆ ಬಂದ ಒಂದು ಬ್ಯಾಕ್ಟೀರಿಯಾದ ಕಥೆ

ತೆಕ್ಕಲಕೋಟೆಯ ಗುಡ್ಡದಲ್ಲಿ 1960ರ ದಶಕದಲ್ಲಿ ಪುರಾತತ್ವ ವಿದ್ವಾಂಸ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದರು. ನವಶಿಲಾಯುಗದ ಜನರ ಮನೆಯ ನೆಲ, ಕಲ್ಲಿನ ಕೊಡಲಿ, ಮಡಕೆ ಚೂರು ಸಿಕ್ಕವು. ಅವುಗಳ ಜತೆ ಹುರುಳಿ ಕಾಳಿನ ಗುರುತೂ ಸಿಕ್ಕಿತು. ಅಂದರೆ ಸುಮಾರು 3,500 ವರ್ಷಗಳ ಹಿಂದೆಯೇ ನಮ್ಮ ಗುಡ್ಡದ ಜನ ಹುರುಳಿ ಉಣ್ಣುತ್ತಿದ್ದರು. ಅವರಿಗೆ ಬೀಜದ ಅಂಗಡಿ ಇರಲಿಲ್ಲ. ಬೆಳೆದದ್ದರಲ್ಲಿ ಒಂದು ಪಾಲು ತೆಗೆದಿಟ್ಟು ಅದನ್ನೇ ಮತ್ತೆ ಬಿತ್ತಬೇಕಿತ್ತು.

ಈಗ ಮುಂಗಾರು ಬಂತೆಂದರೆ ಸಿರುಗುಪ್ಪ, ಬಳ್ಳಾರಿಯ ಬೀಜದ ಅಂಗಡಿಗಳ ಮುಂದೆ ಸಾಲು. ಹತ್ತಿ, ಮೆಕ್ಕೆಜೋಳ, ಸೂರ್ಯಕಾಂತಿ, ಮೆಣಸಿನಕಾಯಿ, ಯಾವುದರ ಪೊಟ್ಟಣ ನೋಡಿದರೂ ‘ಹೈಬ್ರಿಡ್’ ಎಂಬ ಮಾತು ಕಾಣುತ್ತದೆ. ಕಾಲುವೆ ಕೆಳಗಿನ ಸೋನಾ ಮಸೂರಿ ಭತ್ತದ ಮಾತು ಬೇರೆ. ಅದು ತಳಿ, ಹೈಬ್ರಿಡ್ ಅಲ್ಲ. ಅದರ ಬೀಜ ಎತ್ತಿಟ್ಟುಕೊಂಡು ಬಿತ್ತಬಹುದು. ಹೈಬ್ರಿಡ್ ಆದರೆ ಪ್ರತಿ ವರ್ಷ ಕೊಳ್ಳಬೇಕು.

ಈ ಬದಲಾವಣೆ ಹೇಗಾಯಿತು? ಇದರ ಹಿಂದೆ ಒಂದೇ ಒಂದು ಕೆಲಸವಿದೆ: ಹೂವಿನ ಗಂಡು ಭಾಗವನ್ನು ಸುಮ್ಮನಾಗಿಸುವುದು. ಆ ಕೆಲಸವನ್ನು ಮೊದಲು ಕೈಯಿಂದ ಮಾಡಿದರು, ಆಮೇಲೆ ಗಿಡದಲ್ಲೇ ಸಹಜವಾಗಿ ಸಿಕ್ಕ ದೋಷದಿಂದ ಮಾಡಿದರು. ಕೊನೆಗೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಎರಡು ಪ್ರೋಟೀನುಗಳಿಂದ ಮಾಡಿದರು. ಆ ಎರಡು ಪ್ರೋಟೀನುಗಳ ಜಗಳ ಈಗ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ.

ಕೈಯಿಂದ ಮಾಡಿದ ಕಾಲ

ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯ ಗಿಡ ಅಪ್ಪ ಅಮ್ಮ ಇಬ್ಬರಿಗಿಂತಲೂ ಜೋರಾಗಿ ಬೆಳೆಯುವುದುಂಟು. ಆ ಮೊದಲ ಪೀಳಿಗೆಯ ಬೀಜವೇ ಹೈಬ್ರಿಡ್. ಆದರೆ ಹತ್ತಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಬಿಟ್ಟರೆ ಅದು ತನ್ನ ಪರಾಗವನ್ನೇ ತಾನು ತೆಗೆದುಕೊಂಡು ಕಾಯಿ ಕಟ್ಟುತ್ತದೆ. ಬೇರೆ ತಳಿಯ ಪರಾಗ ಸೇರಬೇಕೆಂದರೆ ಹೂವು ಅರಳುವ ಮೊದಲೇ ಅದರ ಗಂಡು ಭಾಗವನ್ನು ತೆಗೆಯಬೇಕು.

ನಮ್ಮ ದೇಶದ ಮೊದಲ ವಾಣಿಜ್ಯ ಹೈಬ್ರಿಡ್ ಹತ್ತಿ ‘ಎಚ್-4’ 1970ರಲ್ಲಿ ಗುಜರಾತಿನ ಸೂರತ್ತಿನಿಂದ ಬಂತು. ಮಾಡಿದವರು ಸಿ.ಟಿ. ಪಟೇಲ್. ಎರಡೇ ವರ್ಷಕ್ಕೆ, 1972ರಲ್ಲಿ, ನಮ್ಮ ಧಾರವಾಡದಿಂದ ‘ವರಲಕ್ಷ್ಮಿ’ ಬಂತು. ಮಾಡಿದವರು ಡಾ. ಬಿ.ಎಚ್. ಕಟರಕಿ. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಉದ್ದ ಎಳೆಯ ಹತ್ತಿ ತೆಗೆದದ್ದು ವರಲಕ್ಷ್ಮಿಯ ಹೆಗ್ಗಳಿಕೆ. 1981ರಲ್ಲಿ ಅದೇ ಧಾರವಾಡದಿಂದ ‘ಡಿಸಿಎಚ್-32’, ಅಂದರೆ ಜಯಲಕ್ಷ್ಮಿ ಬಂತು. ನಮ್ಮ ಸೀಮೆಯ ಹಿರಿಯರನ್ನು ಕೇಳಿ, ಈ ಎರಡು ಹೆಸರು ಅವರಿಗೆ ನೆನಪಿರುತ್ತವೆ.

ಆ ಬೀಜ ತಯಾರಾಗುತ್ತಿದ್ದದ್ದು ಕೈಗಳಿಂದ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಗುರುತಿಸಬೇಕು. ಉಗುರಿನಿಂದ ಗಂಡು ಭಾಗವನ್ನು ಸುಲಿದು ತೆಗೆಯಬೇಕು, ಹೆಣ್ಣು ಭಾಗಕ್ಕೆ ಗಾಯವಾಗಬಾರದು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂ ತಂದು ಅದರ ಪರಾಗವನ್ನು ಸವರಿ ಗುರುತಿಗೆ ದಾರ ಕಟ್ಟಬೇಕು. ಒಂದೊಂದು ಹೂವಿಗೂ ಇಷ್ಟು ಕೆಲಸ. ಇದನ್ನೇ ಜನ ‘ಕ್ರಾಸಿಂಗ್’ ಎನ್ನುತ್ತಾರೆ.

ಈ ಕೆಲಸ ಮಾಡಿದವರಲ್ಲಿ ಹೆಂಗಸರು ಹೆಚ್ಚು. ಅವರ ಜತೆ ಹೆಣ್ಣುಮಕ್ಕಳು. ಬೆರಳು ಸಣ್ಣ, ಗಿಡ ಗಿಡ್ಡ, ಕೂಲಿ ಕಡಿಮೆ ಎಂದು ಶಾಲೆ ಬಿಡಿಸಿ ಮಕ್ಕಳನ್ನು ಕ್ರಾಸಿಂಗಿಗೆ ಕಳಿಸಿದ್ದು ಗುಟ್ಟಿನ ಸಂಗತಿಯಲ್ಲ. 2000ದ ಆಚೀಚೆ ಆಂಧ್ರ, ಕರ್ನಾಟಕ, ಗುಜರಾತಿನ ಬೀಜದ ಹೊಲಗಳಲ್ಲಿ ಬಾಲಕಾರ್ಮಿಕರು ದುಡಿಯುತ್ತಿದ್ದುದು ಅಧ್ಯಯನಗಳಲ್ಲಿ ದಾಖಲಾಗಿ, ದೊಡ್ಡ ಬೀಜ ಕಂಪನಿಗಳು ಉತ್ತರ ಕೊಡಬೇಕಾಯಿತು. ಹೈಬ್ರಿಡ್ ಹತ್ತಿಯ ಇತಿಹಾಸ ಬರೆಯುವಾಗ ವಿಜ್ಞಾನಿಗಳ ಹೆಸರು ಬರುತ್ತದೆ. ಈ ಮಕ್ಕಳ ಹೆಸರು ಎಲ್ಲಿಯೂ ಬರುವುದಿಲ್ಲ.

ಗಿಡವೇ ಕೊಟ್ಟ ದಾರಿ

ಜೋಳದಲ್ಲಿ ಕೈಕೆಲಸ ಸಾಧ್ಯವಿಲ್ಲ. ಒಂದು ತೆನೆಯಲ್ಲಿ ಸಾವಿರಾರು ಪುಟ್ಟ ಹೂಗಳು. ಅಲ್ಲಿ ಗಿಡವೇ ದಾರಿ ತೋರಿಸಿತು. ಕೆಲವು ತಳಿಗಳಲ್ಲಿ ಪರಾಗವೇ ಹುಟ್ಟುವುದಿಲ್ಲ. ಅಂಥ ಗಿಡ ತಾನಾಗಿಯೇ ಹೆಣ್ಣಾಗಿ ಉಳಿಯುತ್ತದೆ, ಪಕ್ಕದ ಸಾಲಿನಿಂದ ಗಾಳಿಗೆ ಬಂದ ಪರಾಗ ಹಿಡಿದು ಕಾಳು ಕಟ್ಟುತ್ತದೆ. ಇದಕ್ಕೆ ಪುರುಷ ವಂಧ್ಯತ್ವ ಎಂದು ಹೆಸರು. ಈ ದಾರಿಯಿಂದ 1964ರಲ್ಲಿ ಭಾರತದ ಮೊದಲ ಹೈಬ್ರಿಡ್ ಜೋಳ ‘ಸಿಎಸ್‌ಎಚ್-1’ ಬಂತು. ಉತ್ತರ ಕರ್ನಾಟಕದ ಮನೆಗಳಲ್ಲಿ ‘ಹೈಬ್ರಿಡ್ ಜ್ವಾಳ’ ಎಂಬ ಮಾತು ಹುಟ್ಟಿದ್ದು ಆಗ. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಸೂರ್ಯಕಾಂತಿಯ ‘ಬಿಎಸ್‌ಎಚ್-1’ ಬಂತು. 1990ರ ದಶಕದಲ್ಲಿ ಮಂಡ್ಯದಿಂದ ‘ಕೆಆರ್‌ಎಚ್-1’, ‘ಕೆಆರ್‌ಎಚ್-2’ ಹೈಬ್ರಿಡ್ ಭತ್ತ ಬಂದವು.

ಆದರೆ ಇದಕ್ಕೂ ಮಿತಿ ಇದೆ. ಬೇಕಾದ ತಳಿಯಲ್ಲೇ ಈ ಗುಣ ಸಿಗಬೇಕು. ಸಿಕ್ಕರೂ ಅದನ್ನು ಮತ್ತೆ ಸರಿಮಾಡಿ ಕಾಳು ಕಟ್ಟಿಸುವ ಜೋಡಿ ತಳಿಯೂ ಸಿಗಬೇಕು. ರೈತನ ಹೊಲದಲ್ಲಿ ಪರಾಗವಿಲ್ಲದ ಗಿಡ ನಿಂತರೆ ಏನು ಬಂತು? ಹಾಗಾಗಿ ವಿಜ್ಞಾನಿಗಳು ಬೇರೆ ದಾರಿ ಹುಡುಕಿದರು. ಬೇಕೆಂದಾಗ ಗಂಡು ಭಾಗವನ್ನು ಕೆಡಿಸಬೇಕು, ಬೇಡವೆಂದಾಗ ಆ ಕೆಡಕನ್ನು ತಡೆಯಬೇಕು. ಅಂಥ ಜೋಡಿ ಯಾವ ಬೆಳೆಯಲ್ಲೂ ಇರಲಿಲ್ಲ. ಅದು ಮಣ್ಣಿನ ಬ್ಯಾಕ್ಟೀರಿಯಾದಲ್ಲಿತ್ತು.

ಕತ್ತಿಯೂ ಅದರದೇ, ಒರೆಯೂ ಅದರದೇ

ಆ ಬ್ಯಾಕ್ಟೀರಿಯಾದ ಹೆಸರು ಉದ್ದ: ಬ್ಯಾಸಿಲಸ್ ಅಮೈಲೋಲಿಕ್ವಿಫೇಸಿಯನ್ಸ್. ‘ಗಂಜಿಯನ್ನು ನೀರಾಗಿಸುವ ಕಡ್ಡಿಜೀವಿ’ ಎಂದು ಅರ್ಥ. ಇದೇ ಜಾತಿಯ ಬ್ಯಾಕ್ಟೀರಿಯಾವನ್ನು ಈಗ ಬೆಳೆಯ ಶಿಲೀಂಧ್ರ ರೋಗಕ್ಕೆ ಜೈವಿಕ ಔಷಧಿಯಾಗಿಯೂ ಮಾರುತ್ತಾರೆ.

ಇದು ‘ಬಾರ್ನೇಸ್’ ಎಂಬ ಕಿಣ್ವವನ್ನು ತಯಾರಿಸಿ ಹೊರಗೆ ಬಿಡುತ್ತದೆ. ಕಿಣ್ವ ಅಂದರೆ ಎಂಜೈಮ್, ಜೀವದೊಳಗಿನ ಕೆಲಸಗಾರ ಪ್ರೋಟೀನ್. ಬಾರ್ನೇಸಿನ ಕೆಲಸ ಆರ್‌ಎನ್‌ಎಯನ್ನು ಕತ್ತರಿಸುವುದು. ಆರ್‌ಎನ್‌ಎ ಎಂದರೆ ಜೀವಕೋಶದಲ್ಲಿ ‘ಇಂಥ ಪ್ರೋಟೀನ್ ಮಾಡು’ ಎಂದು ಆದೇಶ ಹೊತ್ತು ತರುವ ಚೀಟಿ. ಚೀಟಿಗಳನ್ನೆಲ್ಲ ಹರಿದು ಹಾಕಿದರೆ ಕೋಶದ ಕೆಲಸವೇ ನಿಲ್ಲುತ್ತದೆ, ಕೋಶ ಸಾಯುತ್ತದೆ. ಹಾಗಾದರೆ ಈ ಕತ್ತಿಯನ್ನು ತನ್ನ ಹೊಟ್ಟೆಯಲ್ಲೇ ತಯಾರಿಸುವ ಬ್ಯಾಕ್ಟೀರಿಯಾ ತಾನು ಸಾಯುವುದಿಲ್ಲವೇ?

ಸಾಯುವುದಿಲ್ಲ. ಅದು ಕತ್ತಿಯ ಜತೆಗೆ ಒರೆಯನ್ನೂ ಮಾಡಿಕೊಂಡಿದೆ. ಆ ಒರೆ ‘ಬಾರ್‌ಸ್ಟಾರ್’ ಎಂಬ ಇನ್ನೊಂದು ಪ್ರೋಟೀನ್. ಇದು ಕೋಶದ ಒಳಗೇ ಉಳಿಯುತ್ತದೆ. ಹೊರಗೆ ಹೋಗದೆ ಒಳಗೇ ಸಿದ್ಧವಾದ ಬಾರ್ನೇಸ್ ಸಿಕ್ಕರೆ ತಕ್ಷಣ ಹಿಡಿದು ಅದರ ಬಾಯಿ ಮುಚ್ಚುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರಾಬರ್ಟ್ ಹಾರ್ಟ್ಲಿ ಎಂಬ ವಿಜ್ಞಾನಿ ಈ ಜೋಡಿಯ ಬೆನ್ನು ಹತ್ತಿ ದಶಕಗಳ ಕಾಲ ಕೆಲಸ ಮಾಡಿದರು. ಬಾರ್ನೇಸಿನ ಜೀನನ್ನು ಬೇರೆ ಬ್ಯಾಕ್ಟೀರಿಯಾಕ್ಕೆ ಹಾಕಿದರೆ ಅದು ಸತ್ತೇ ಹೋಗುತ್ತಿತ್ತು. ಬಾರ್‌ಸ್ಟಾರ್ ಜೀನನ್ನೂ ಜತೆಗೆ ಕೊಟ್ಟಾಗ ಮಾತ್ರ ಬದುಕಿತು. 1988ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕತ್ತಿಯನ್ನು ಬೇರೆ ಜೀವಿಯೊಳಗೆ ಇಡಬೇಕೆಂದರೆ ಒರೆಯನ್ನೂ ಇಡಬೇಕು ಎಂಬ ಪಾಠ ಅಲ್ಲಿ ಸಿಕ್ಕಿತು.

ಹಿಡಿತ ಎಂಥದ್ದು?

ಪ್ರೋಟೀನ್ ಎಂದರೆ ಮಣಿಸರದ ಹಾಗೆ, ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಬಾರ್ನೇಸಿನಲ್ಲಿ 110 ಮಣಿ, ಬಾರ್‌ಸ್ಟಾರಿನಲ್ಲಿ 89 ಮಣಿ. ಎರಡೂ ತೀರ ಚಿಕ್ಕವು.

ಬಾರ್ನೇಸಿನ ಬಾಯಿಯ ಸುತ್ತ ಧನ ವಿದ್ಯುದಂಶದ ಮಣಿಗಳಿವೆ. ಆರ್‌ಎನ್‌ಎಗೆ ಋಣ ವಿದ್ಯುದಂಶ ಇರುವುದರಿಂದ ಅದು ಆ ಬಾಯಿಗೆ ಬಂದು ಕೂರುತ್ತದೆ, ಕತ್ತರಿಸಲ್ಪಡುತ್ತದೆ. ಬಾರ್‌ಸ್ಟಾರ್ ಮಾಡುವುದೂ ಅದನ್ನೇ. ಅದರ ಮುಖದ ಮೇಲೂ ಋಣ ವಿದ್ಯುದಂಶದ ಮಣಿಗಳಿವೆ. ಅದು ಆರ್‌ಎನ್‌ಎಯ ವೇಷ ಹಾಕಿಕೊಂಡು ಬಾಯಿಗೆ ಬಂದು ಕೂರುತ್ತದೆ, ಆದರೆ ಕತ್ತರಿಸಲ್ಪಡುವುದಿಲ್ಲ. ಅಯಸ್ಕಾಂತದ ಎರಡು ತುದಿ ಒಂದನ್ನೊಂದು ಎಳೆಯುವ ಹಾಗೆ ಇವು ದೂರದಿಂದಲೇ ಎಳೆದುಕೊಳ್ಳುತ್ತವೆ. ಬ್ರಿಟನ್ನಿನ ಕೇಂಬ್ರಿಡ್ಜಿನಲ್ಲಿ ಅಲನ್ ಫರ್ಷ್ಟ್ ಅವರ ತಂಡ 1990ರ ದಶಕದಲ್ಲಿ ಇದನ್ನು ಅಳೆಯಿತು. ಒಮ್ಮೆ ಹಿಡಿದರೆ ಒಂದು ದಿನದಷ್ಟು ಹೊತ್ತು ಬಿಡುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಕೆಲಸ ನಡೆಯುವ ಕೋಶದೊಳಗೆ ಒಂದು ದಿನ ಎಂದರೆ ಒಂದು ಯುಗ. ಬಾರ್‌ಸ್ಟಾರಿನ 39ನೇ ಮಣಿಯೊಂದನ್ನು ಬದಲಿಸಿದರೆ ಸಾಕು, ಹಿಡಿತ ಲಕ್ಷ ಪಟ್ಟಿಗೂ ಹೆಚ್ಚು ಸಡಿಲಾಗುತ್ತದೆ.

ಈ ಕಥೆಯಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ, ಕೃಷಿ ವಿಶ್ವವಿದ್ಯಾಲಯದ ಪಕ್ಕದಲ್ಲೇ, ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ಇದೆ. ಅಲ್ಲಿ ಜಯಂತ್ ಉದ್ಗಾಂವ್ಕರ್ ಮತ್ತು ಅವರ ವಿದ್ಯಾರ್ಥಿಗಳು 1990ರ ದಶಕದಿಂದ ಇದೇ ಬಾರ್‌ಸ್ಟಾರನ್ನು ಅಧ್ಯಯನ ಮಾಡಿದರು. ಮಣಿಸರವೊಂದು ತನ್ನಷ್ಟಕ್ಕೆ ತಾನೇ ಸರಿಯಾದ ಆಕಾರಕ್ಕೆ ಹೇಗೆ ಮಡಚಿಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ಅವರ ಕೆಲಸ ಬೀಜದ ಬಗ್ಗೆ ಆಗಿರಲಿಲ್ಲ. ಆದರೆ ಆಕಾರ ಕೆಟ್ಟರೆ ಒರೆ ಕತ್ತಿಗೆ ಕೂರುವುದಿಲ್ಲ, ಹಾಗಾಗಿ ಆ ಪ್ರಶ್ನೆ ದೊಡ್ಡದೇ.

ಹೂವಿನೊಳಗೆ ಹೋದ ಕತ್ತಿ

ಪ್ರಯೋಗಾಲಯದ ಈ ಜೋಡಿಯನ್ನು ಹೂವಿಗೆ ತಂದವರು ಬೆಲ್ಜಿಯಂ ದೇಶದ ಗೆಂಟ್ ನಗರದ ಒಂದು ಕಂಪನಿಯ ವಿಜ್ಞಾನಿಗಳು ಮತ್ತು ಅವರ ಅಮೆರಿಕದ ಜತೆಗಾರರು. ಪರಾಗ ಬೆಳೆಯುವ ಚೀಲದ ಒಳಗೋಡೆಯಲ್ಲಿ, ಪರಾಗಕ್ಕೆ ಉಣಿಸುವ ಒಂದು ತೆಳು ಪದರ ಇರುತ್ತದೆ. ತಂಬಾಕಿನ ಗಿಡದಲ್ಲಿ ಆ ಪದರದಲ್ಲಷ್ಟೇ ಚಾಲೂ ಆಗುವ ಒಂದು ಜೀನ್ ಸ್ವಿಚ್ ಅವರಿಗೆ ಸಿಕ್ಕಿತ್ತು. ಆ ಸ್ವಿಚ್ಚಿಗೆ ಬಾರ್ನೇಸ್ ಜೀನನ್ನು ಜೋಡಿಸಿದರು. ಎಲೆ, ಕಾಂಡ, ಬೇರಿನಲ್ಲಿ ಕತ್ತಿ ಹೊರಗೆ ಬರುವುದಿಲ್ಲ. ಪರಾಗದ ಚೀಲದಲ್ಲಿ ಮಾತ್ರ ಬರುತ್ತದೆ. ಉಣಿಸುವ ಪದರ ಸಾಯುತ್ತದೆ, ಪರಾಗ ಹುಟ್ಟುವುದಿಲ್ಲ. ಗಿಡ ಉಳಿದಂತೆ ಆರೋಗ್ಯವಾಗಿಯೇ ಇರುತ್ತದೆ. ಇದು 1990ರಲ್ಲಿ ಪ್ರಕಟವಾಯಿತು. 1992ರಲ್ಲಿ ಅದೇ ತಂಡ ಇನ್ನೊಂದು ಗಿಡಕ್ಕೆ ಬಾರ್‌ಸ್ಟಾರ್ ಜೀನ್ ಹಾಕಿ, ಎರಡನ್ನೂ ಕೂಡಿಸಿ ತೋರಿಸಿತು. ಮಗಳ ಗಿಡದಲ್ಲಿ ಕತ್ತಿಯೂ ಇತ್ತು, ಒರೆಯೂ ಇತ್ತು, ಪರಾಗವೂ ಇತ್ತು.

1990ರ ದಶಕದ ಮಧ್ಯದಲ್ಲಿ ಕೆನಡಾದ ಹೊಲಗಳಿಗೆ ಈ ದಾರಿಯ ಕನೋಲಾ ಬಂತು. ಕನೋಲಾ ಎಂದರೆ ಸಾಸಿವೆಯ ಬಂಧು, ಎಣ್ಣೆ ಬೆಳೆ.

ಭಾರತದಲ್ಲಿ ದೆಹಲಿ ವಿಶ್ವವಿದ್ಯಾಲಯದ ದೀಪಕ್ ಪೆಂಟಲ್ ಅವರ ತಂಡ ಸಾಸಿವೆಗೆ ಇದನ್ನು ತಂದಿತು. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹಣ ಕೊಟ್ಟವು. ‘ವರುಣಾ’ ಎಂಬ ನಮ್ಮ ಸಾಸಿವೆ ತಳಿಗೆ ಬಾರ್ನೇಸ್, ಪೂರ್ವ ಯುರೋಪ್ ಮೂಲದ ಇನ್ನೊಂದು ತಳಿಗೆ ಬಾರ್‌ಸ್ಟಾರ್. ಎರಡನ್ನೂ ಕೂಡಿಸಿದ ಹೈಬ್ರಿಡ್ ‘ಡಿಎಂಎಚ್-11’. ಅಪ್ಪನ ಕಡೆಯಿಂದ ಪ್ರತಿ ಬೀಜಕ್ಕೂ ಒರೆ ಬರುತ್ತದೆ. ತಾಯಿಯ ಕಡೆಯಿಂದ ಅರ್ಧ ಬೀಜಗಳಿಗೆ ಕತ್ತಿ ಬರುತ್ತದೆ. ಒರೆ ಎಲ್ಲದರಲ್ಲೂ ಇರುವುದರಿಂದ ರೈತನ ಹೊಲದಲ್ಲಿ ಎಲ್ಲ ಗಿಡವೂ ಕಾಳು ಕಟ್ಟುತ್ತದೆ.

ಜಗಳ ಯಾವುದರ ಮೇಲೆ?

ಈ ಜೋಡಿಯ ಜತೆ ‘ಬಾರ್’ ಎಂಬ ಮೂರನೆಯ ಜೀನ್ ಕೂಡ ಇದೆ. ಅದು ಬೇರೊಂದು ಬ್ಯಾಕ್ಟೀರಿಯಾದ್ದು. ಗ್ಲುಫೋಸಿನೇಟ್ ಎಂಬ ಕಳೆನಾಶಕ ಹೊಡೆದರೂ ಗಿಡ ಸಾಯದ ಹಾಗೆ ಅದು ಕಾಯುತ್ತದೆ. ಇದು ಯಾಕೆ ಬೇಕಾಯಿತು? ಕತ್ತಿ ಇರುವ ತಾಯಿ ಗಿಡಕ್ಕೆ ಪರಾಗವಿಲ್ಲ, ಅದನ್ನು ಸಾಮಾನ್ಯ ವರುಣಾ ಜತೆ ಕೂಡಿಸಿಯೇ ಬೆಳೆಸಬೇಕು. ಆಗ ಅರ್ಧ ಗಿಡಗಳಲ್ಲಿ ಕತ್ತಿ ಇರುತ್ತದೆ, ಅರ್ಧದಲ್ಲಿ ಇರುವುದಿಲ್ಲ. ಕಣ್ಣಿಗೆ ವ್ಯತ್ಯಾಸ ತಿಳಿಯದು. ಕಳೆನಾಶಕ ಹೊಡೆದರೆ ಕತ್ತಿ ಇಲ್ಲದವು ಸತ್ತು, ಬೇಕಾದವು ಉಳಿಯುತ್ತವೆ.

2022ರ ಅಕ್ಟೋಬರಿನಲ್ಲಿ ಕೇಂದ್ರದ ಅನುಮೋದನಾ ಸಮಿತಿ, ಅಂದರೆ ಜಿಇಎಸಿ, ಡಿಎಂಎಚ್-11 ಅನ್ನು ಪರಿಸರಕ್ಕೆ ಬಿಡಲು ಒಪ್ಪಿತು. ಕಳೆನಾಶಕವನ್ನು ಬೀಜೋತ್ಪಾದನೆಯಲ್ಲಿ ಮಾತ್ರ ಬಳಸಬೇಕು, ರೈತರು ಹೊಲದಲ್ಲಿ ಹೊಡೆಯಬಾರದು ಎಂಬ ಷರತ್ತು ಹಾಕಿತು. ವಿರೋಧಿಸುವವರು ಕೇಳುವುದು ಇದನ್ನೇ: ಕಳೆ ಕೀಳುವ ಕೂಲಿ ಏರಿದಾಗ, ಗಿಡ ಸಾಯುವುದಿಲ್ಲ ಎಂದು ಗೊತ್ತಾದ ಮೇಲೆ, ಆ ಷರತ್ತನ್ನು ಯಾರು ಕಾಯುತ್ತಾರೆ? ಕಳೆ ಕೀಳುವುದೇ ಅನ್ನವಾದ ಹೆಂಗಸರ ಗತಿ ಏನು?

ಇಳುವರಿಯ ಲೆಕ್ಕಕ್ಕೂ ತಕರಾರಿದೆ. ವರುಣಾಕ್ಕಿಂತ ಸುಮಾರು ಶೇ. 28ರಷ್ಟು ಹೆಚ್ಚು ಎಂದು ಮಾಡಿದವರು ಹೇಳಿದರು. ವರುಣಾ ಹಳೆಯ ತಳಿ, ಇವತ್ತಿನ ಒಳ್ಳೆಯ ಹೈಬ್ರಿಡ್‌ಗಳ ಜತೆ ಹೋಲಿಸಿ ತೋರಿಸಿ ಎಂದು ವಿರೋಧಿಗಳು ಕೇಳಿದರು. ಸಹಜ ಪುರುಷ ವಂಧ್ಯತ್ವದಿಂದ ಮಾಡಿದ ‘ಡಿಎಂಎಚ್-1’ ಎಂಬ ಸಾಸಿವೆ ಹೈಬ್ರಿಡ್ ಪೆಂಟಲ್ ಅವರ ತಂಡದ್ದೇ ಇದೆ. ಪರ ಇರುವವರ ವಾದವೂ ಹಗುರವಲ್ಲ. ನಾವು ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತದೆ, ಕೆನಡಾದ ಜನ ಇಂಥ ಎಣ್ಣೆಯನ್ನು ದಶಕಗಳಿಂದ ಬಳಸುತ್ತಿದ್ದಾರೆ ಎನ್ನುತ್ತಾರೆ. ಅಲ್ಲಿ ಎಣ್ಣೆ ಮಾತ್ರ, ಇಲ್ಲಿ ಸಾಸಿವೆ ಸೊಪ್ಪು, ಕಾಳು ಎರಡೂ ತಿನ್ನುತ್ತೇವೆ ಎಂಬುದು ಅದಕ್ಕೆ ಮರುಮಾತು.

2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಅನುಮೋದನೆ ಕೊಟ್ಟ ರೀತಿ ಸರಿಯಿಲ್ಲ ಎಂದರು. ನ್ಯಾಯಮೂರ್ತಿ ಸಂಜಯ್ ಕರೋಲ್ ಅವರು ಸರಿಯಿದೆ ಎಂದರು. ಇಬ್ಬರೂ ಒಪ್ಪಿದ್ದು ಒಂದು ಮಾತು: ಕುಲಾಂತರಿ ಬೆಳೆಗಳಿಗೆ ಕೇಂದ್ರ ಒಂದು ರಾಷ್ಟ್ರೀಯ ನೀತಿ ಮಾಡಬೇಕು, ರೈತರ ಮಾತನ್ನೂ ಕೇಳಬೇಕು. ಭಿನ್ನ ತೀರ್ಪಿನ ಕಾರಣ ಪ್ರಕರಣ ದೊಡ್ಡ ಪೀಠದ ಕಡೆಗೆ ಹೋಯಿತು.

ಇದು ‘ಟರ್ಮಿನೇಟರ್’ ಬೀಜವೇ?

ನಮ್ಮ ಭಾಗದಲ್ಲಿ ಈ ಪ್ರಶ್ನೆ ಬರದೆ ಇರದು. ಹೊಳೆಯಾಚೆ ರಾಯಚೂರು ಜಿಲ್ಲೆಯ ಸಿಂಧನೂರು ಭಾಗದಲ್ಲಿ 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದ ರೈತ ಸಂಘ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ‘ಟರ್ಮಿನೇಟರ್’ ಎಂದು ಹೆಸರಾದ ತಂತ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ಮೊಳಕೆಯೇ ಒಡೆಯದ ಬೀಜ ಬರುತ್ತದೆ ಎಂಬ ಭಯ ಊರೂರಿಗೆ ಹಬ್ಬಿತ್ತು. ಹೊಲದಲ್ಲಿದ್ದದ್ದು ಬಿಟಿ, ಟರ್ಮಿನೇಟರ್ ಅಲ್ಲ. ಬಿಟಿಯೂ ಬ್ಯಾಕ್ಟೀರಿಯಾದ ಪ್ರೋಟೀನೇ, ಆದರೆ ಅದು ಕಾಯಿಕೊರಕದ ಹುಳದ ಕರುಳಿಗೆ ಅಂಟಿ ಕೊಲ್ಲುತ್ತದೆ. ಆ ಭಯದ ಹೆಸರು ತಪ್ಪಿತ್ತು. ಆದರೆ ನಮ್ಮನ್ನು ಕೇಳದೆ ನಮ್ಮ ಹೊಲದಲ್ಲಿ ಏನು ಬಿತ್ತುತ್ತಿದ್ದೀರಿ ಎಂಬ ಪ್ರಶ್ನೆ ತಪ್ಪಾಗಿರಲಿಲ್ಲ.

ಬಾರ್ನೇಸ್ ಸಾಸಿವೆಯ ಕಾಳು ಎತ್ತಿಟ್ಟು ಬಿತ್ತಿದರೆ ಮೊಳಕೆ ಬರುತ್ತದೆ. ಹಾಗಾಗಿ ಅದು ಟರ್ಮಿನೇಟರ್ ಅಲ್ಲ. ಆದರೆ ಕತ್ತಿ, ಒರೆ ಎರಡೂ ಇದ್ದ ಗಿಡದ ಕಾಳಾದರೆ, ಮುಂದಿನ ಪೀಳಿಗೆಯಲ್ಲಿ ಎರಡೂ ಬೇರೆ ಬೇರೆಯಾಗಿ ಹಂಚಿಹೋಗುತ್ತವೆ. ಲೆಕ್ಕದ ಪ್ರಕಾರ 16 ಗಿಡಗಳಲ್ಲಿ 3ಕ್ಕೆ ಒರೆಯಿಲ್ಲದ ಕತ್ತಿ ಬರುತ್ತದೆ, ಅವುಗಳಲ್ಲಿ ಪರಾಗ ಇರುವುದಿಲ್ಲ. ಜೇನು ಬೇರೆ ಗಿಡದಿಂದ ಪರಾಗ ತಂದರೆ ಕಾಳು ಉಂಟು, ಇಲ್ಲದಿದ್ದರೆ ಇಲ್ಲ. ಇದರ ಮೇಲೆ ಯಾವ ಹೈಬ್ರಿಡ್ಡಿನ ಹಾಗೆಯೇ ಬೆಳೆಯೂ ಒಂದೇ ಸಮ ಬರುವುದಿಲ್ಲ. ಅಂದರೆ ಬೀಜ ಸಾಯುವುದಿಲ್ಲ, ರೈತ ಮತ್ತೆ ಅಂಗಡಿಗೆ ಬರುವುದು ತಪ್ಪುವುದಿಲ್ಲ.

ನಾವು ಕೇಳಬೇಕಾದದ್ದು

ತೆಕ್ಕಲಕೋಟೆಯಲ್ಲಿ ಸಾಸಿವೆ ಒಗ್ಗರಣೆಗೆ ಮಾತ್ರ, ಹೊಲದಲ್ಲಿ ಯಾರು ಬೆಳೆಯುತ್ತಾರೆ ಎನ್ನಬಹುದು. ನಿಜ. ಆದರೆ ಈ ಕತ್ತಿ ಮತ್ತು ಒರೆ ಒಂದು ಬೆಳೆಗೆ ಕಟ್ಟುಬಿದ್ದಿಲ್ಲ. ಇವತ್ತು ಸಾಸಿವೆಗೆ ಬಾಗಿಲು ತೆರೆದರೆ ನಾಳೆ ಹತ್ತಿಗೂ ಮೆಣಸಿನಕಾಯಿಗೂ ಕೇಳಬಹುದು. ಹತ್ತಿಗೆ ಬಂದರೆ ಕ್ರಾಸಿಂಗಿನಲ್ಲಿ ಮಕ್ಕಳ ಕೈ ಬೇಡವಾಗುತ್ತದೆ, ಅದು ಒಳ್ಳೆಯದೇ. ಅದರ ಜತೆಗೆ ಅವರ ತಾಯಂದಿರ ಕೂಲಿಯೂ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು.

ಅಲ್ಲಿಯವರೆಗೆ ಅಂಗಡಿಯಲ್ಲಿ ಕೇಳಬೇಕಾದ ಮಾತು ಕೆಲವಿವೆ. ಇದು ತಳಿಯೋ ಹೈಬ್ರಿಡ್ಡೋ? ತಳಿಯಾದರೆ ಬೀಜ ಎತ್ತಿಡಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ತನ್ನ ಬೆಳೆಯ ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಹೈಬ್ರಿಡ್ಡಾದರೆ ಬಿಲ್ಲು, ಪೊಟ್ಟಣ, ಲಾಟ್ ನಂಬರ್ ಸುಗ್ಗಿಯವರೆಗೆ ಜೋಪಾನ ಮಾಡಿ. ಬೆಳೆ ಕೈಕೊಟ್ಟರೆ ಪರಿಹಾರ ಕೇಳಲು ಅದೇ ಸಾಕ್ಷಿ.

ಇನ್ನು ದೊಡ್ಡ ಪ್ರಶ್ನೆ. ಬ್ಯಾಕ್ಟೀರಿಯಾ ಕತ್ತಿ ಮಾಡಿತು, ಅದರ ಒರೆಯನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡಿತು. ಅದಕ್ಕೇ ಅದು ಬದುಕಿದೆ. ಬೀಜದ ವಿಚಾರದಲ್ಲಿ ಕತ್ತಿ ಯಾರ ಕೈಯಲ್ಲಿರಬೇಕು, ಒರೆ ಯಾರ ಕೈಯಲ್ಲಿರಬೇಕು ಎಂಬುದನ್ನು ಪ್ರಯೋಗಾಲಯ ಹೇಳಲಾರದು. ರಾಷ್ಟ್ರೀಯ ನೀತಿ ಬರೆಯುವವರು ರೈತರನ್ನು ಕೇಳಬೇಕೆಂದು ಕೋರ್ಟೇ ಹೇಳಿದೆ. ಗ್ರಾಮಸಭೆಯಲ್ಲೋ ರೈತ ಸಂಘದ ಸಭೆಯಲ್ಲೋ ಈ ಮಾತು ಬಂದಾಗ, ಏನು ಹೇಳಬೇಕೆಂದು ನಮ್ಮ ಊರಿನವರು ಮೊದಲೇ ಕೂತು ಯೋಚಿಸಿಟ್ಟುಕೊಂಡರೆ ಒಳ್ಳೆಯದು.